ಹಿಂದಿ ಸಾಲಿನ ದನಿ

ಅವರ ಎಡಗೆನ್ನೆಯ ಮೇಲೆ ನಾನು ಎಷ್ಟೋ ಸಿನಿಮಾಗಳನ್ನು ನೋಡಿದ್ದೇನೆ. ಸರೋಜಿನಿ ನಗರದ ಸರ್ಕಾರಿ ಕಾಲನಿಯ ಸಮುದಾಯ ಭವನದಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಪರದೆಗೆ ಓರೆಯಾಗಿ ಎಳೆದುಕೊಂಡು, ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದರು. ಬೆಳಕು ಒಂದು ಕೆನ್ನೆಗೆ ಮಾತ್ರ ಬೀಳುತ್ತಿತ್ತು. ಹಾಡು ಬಂದರೆ ಆ ಕೆನ್ನೆ ಹಸಿರಾಗುತ್ತಿತ್ತು, ಆಸ್ಪತ್ರೆ ಬಂದರೆ ನೀಲಿಯಾಗುತ್ತಿತ್ತು. ಇನ್ನೊಂದು ಕೆನ್ನೆಯೊಳಗೆ ಜ್ಯೇಷ್ಠಮಧುವಿನ ಕಡ್ಡಿಯ ತುಂಡೊಂದು ಉಬ್ಬಿಕೊಂಡಿರುತ್ತಿತ್ತು. ಇಡೀ ಸಿನಿಮಾ ಮಾತಾಡಬೇಕಾದ ಗಂಟಲಿಗೆ ಅದು ಔಷಧಿ. ಪರದೆ ಬೇಸರವಾದಾಗ ನಾವು ಅವರ ಮುಖ ನೋಡುತ್ತಿದ್ದೆವು. ಎಷ್ಟೋ ಸಲ ಅದೇ ವಾಸಿ ಎನ್ನಿಸುತ್ತಿತ್ತು.

ಎರಡು ಸಾವಿರದ ದಶಕದ ಮೊದಲ ವರ್ಷಗಳ ಮಾತು ಇದು. ದೆಹಲಿ ಕನ್ನಡಿಗರ ಸಣ್ಣದೊಂದು ಸಂಘ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕನ್ನಡ ಸಿನಿಮಾ ತೋರಿಸುತ್ತಿತ್ತು. ಊರಿಗೆ ಹೋದವರು ಯಾರೋ ತಂದ ವಿಸಿಡಿ, ಯಾರದೋ ಆಫೀಸಿನ ಪ್ರೊಜೆಕ್ಟರು, ಕತ್ತಲೆ ಮಾಡಲು ಕಿಟಕಿಗಳಿಗೆ ಹಳೆಯ ರಜಾಯಿ ಹೊದಿಕೆಗಳು, ಮುಗಿದ ಮೇಲೆ ಬಿಸಿಬೇಳೆಭಾತು. ಬಂದವರಲ್ಲಿ ಕನ್ನಡ ಬಾರದವರೂ ಇರುತ್ತಿದ್ದರು: ದೆಹಲಿಯಲ್ಲೇ ಬೆಳೆದ ಮಕ್ಕಳು, ಉತ್ತರದ ಕಡೆಯ ಸೊಸೆಯಂದಿರು, ಸುಮ್ಮನೆ ಜೊತೆಗೆ ಬಂದ ಪಕ್ಕದ ಮನೆಯವರು. ಆ ವಿಸಿಡಿಗಳಲ್ಲಿ ಕೆಳಗೆ ಅನುವಾದದ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಇಂಥವರನ್ನೆಲ್ಲ ಎಡಗಡೆ ಬಾಗಿಲಿನ ಹತ್ತಿರ ಒಟ್ಟಿಗೆ ಕೂರಿಸಿ, ಒಬ್ಬರು ಪಕ್ಕದಲ್ಲಿ ಕೂತು ಹಿಂದಿಯಲ್ಲಿ ಹೇಳುತ್ತಾ ಹೋಗುವ ಪದ್ಧತಿ ಬೆಳೆದಿತ್ತು. ಅದಕ್ಕೆ ಹಿಂದಿ ಸಾಲು ಎಂದು ಹೆಸರು. ಹೊಸಬರು ಬಂದರೆ ಬಾಗಿಲಲ್ಲೇ ಕೇಳುತ್ತಿದ್ದರು: "ಕನ್ನಡ ಸಾಲೋ, ಹಿಂದಿ ಸಾಲೋ?"

ನನ್ನ ಅಪ್ಪ, ಅವ್ವ ಕನ್ನಡ ಸಾಲು. ನಾನು ಹಿಂದಿ ಸಾಲು. ನಾವು ಕೊಡಗಿನವರು. ಅಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ನಿವೃತ್ತಿಯ ಮೇಲೆ ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ ಕಾವಲಿನ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ನಾನು ಬೆಳೆದದ್ದು ಒಂದು ಕಂಟೋನ್ಮೆಂಟಿನಿಂದ ಇನ್ನೊಂದಕ್ಕೆ. ಮನೆಯಲ್ಲಿ ಕೊಡವ ಮಾತು, ಹೊರಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ನನ್ನ ಕಿವಿಯ ಮೇಲೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದರೆ ಅದಕ್ಕೆ ಆ ಓರೆ ಕುರ್ಚಿಯ ಮನುಷ್ಯನೇ ಕಾರಣ. ಕೃತಜ್ಞತೆಯಿಂದ ಹೇಳಬೇಕಾದ ಮಾತು. ಹೇಳಲು ಹೊರಟಾಗಲೆಲ್ಲ ಬಾಯಿ ಕಹಿಯಾಗುತ್ತದೆ.

ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ದಾವಣಗೆರೆಯ ಕಡೆಯವರು. ಹಿಂದಿಯಲ್ಲಿ ಎಂ.ಎ. ಮಾಡಿ, ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಅನುವಾದಕರಾಗಿ ಸೇರಿ, ಇಂಗ್ಲಿಷಿನ ಸುತ್ತೋಲೆಗಳನ್ನು ಹಿಂದಿಗೆ ತಿರುಗಿಸುತ್ತಾ ತಲೆ ನರೆಸಿಕೊಂಡವರು. "ನಾನು ಮಾಡಿದ ಅನುವಾದ ಓದಿದ ಒಬ್ಬನೇ ಒಬ್ಬ ಮನುಷ್ಯನನ್ನ ಇವತ್ತಿನ ತನಕ ನೋಡಿಲ್ಲ ಬೇಟಾ," ಎನ್ನುತ್ತಿದ್ದರು. "ಇಂಗ್ಲಿಷಿನಲ್ಲೂ ಅದನ್ನ ಯಾರೂ ಓದಲ್ಲ ಅನ್ನೋದೊಂದೇ ಸಮಾಧಾನ." ಹಿಂದಿ ಸಾಲಿನ ಇಪ್ಪತ್ತು ಇಪ್ಪತ್ತೈದು ಜನ ಅವರ ಮಾತಿಗೆ ಸಿಕ್ಕ ಮೊದಲ ಕಿವಿಗಳಾಗಿದ್ದೆವು ಎಂದು ಈಗ ಅನಿಸುತ್ತದೆ. ಆಗ ಹಾಗೆಲ್ಲ ಯೋಚಿಸಿರಲಿಲ್ಲ.

ಸಿನಿಮಾದ ಬಗ್ಗೆ ಅವರ ತೀರ್ಪುಗಳು ಕಚೇರಿಯ ಭಾಷೆಯಲ್ಲೇ ಇರುತ್ತಿದ್ದವು. ಮೆಚ್ಚಿಕೆಯಾದರೆ "ಅನುಮೋದಿಸಿದೆ". ಪರವಾಗಿಲ್ಲ ಎನಿಸಿದರೆ "ಅವಗಾಹನೆಗೆ". ಕೆಟ್ಟದ್ದಕ್ಕೆ "ಕಡತಕ್ಕೆ". ಮಧ್ಯಂತರದಲ್ಲಿ ಟೀ ಲೋಟ ಹಿಡಿದು ಹೊರಬರುವಾಗಲೇ ನಾವು ಸುತ್ತುವರಿದು ಕೇಳುತ್ತಿದ್ದೆವು, "ಏನು ಅಂಕಲ್?" "ಕಡತಕ್ಕೆ ಹಾಕಿ," ಎನ್ನುವರು. "ಬಡವರ ಗುಡಿಸಲಿನಲ್ಲಿ ಇಸ್ತ್ರಿ ಮಾಡಿದ ಪರದೆ ಇದೆ, ನೋಡಲಿಲ್ಲವಾ?" ನಾಯಕ ಒಬ್ಬನೇ ಹತ್ತು ಜನರನ್ನು ಹೊಡೆಯುವ ಸಿನಿಮಾಗಳಿಗೆ ಅವರು ಅನುವಾದವನ್ನೇ ಮಾಡುತ್ತಿರಲಿಲ್ಲ, ವರದಿ ಒಪ್ಪಿಸುತ್ತಿದ್ದರು. "ಇವನು ತನ್ನ ತಾಯಿಯ ಬಗ್ಗೆ ಏನೋ ಹೇಳುತ್ತಿದ್ದಾನೆ. ಆ ಮೀಸೆಯವನಿಗೆ ಅದು ಸರಿಹೋಗಿಲ್ಲ. ಚಲೋ, ಈಗ ಹೊಡೆದಾಟ." ಹಾಸ್ಯ ಬಂದರೆ, "ಇದು ನಗುವ ಜಾಗವಂತೆ. ನಗಿ." ಪ್ರಶಸ್ತಿ ಬಂದ ಸಿನಿಮಾಗಳೂ ಬಚಾವಾಗುತ್ತಿರಲಿಲ್ಲ. ನಾಯಕಿ ಕಿಟಕಿಯಲ್ಲಿ ನಿಂತು ದೂರ ನೋಡುತ್ತಾ ನೋಡುತ್ತಾ ಹೊತ್ತು ಕಳೆದರೆ, ಇವರು ಜ್ಯೇಷ್ಠಮಧುವನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿ, "ಇನ್ನೂ ನೋಡುತ್ತಿದ್ದಾಳೆ," ಎನ್ನುವರು.

ಟಿವಿಯ ಹಿಂದಿ ಧಾರಾವಾಹಿಗಳ ಮೇಲಂತೂ ಅವರಿಗೆ ಸ್ವಂತ ದ್ವೇಷವೇ ಇತ್ತು. "ಆ ಮನೆಯಲ್ಲಿ ಅಷ್ಟು ಜನ ಗಂಡಸರಿದ್ದಾರೆ, ಒಬ್ಬನಿಗಾದರೂ ಆಫೀಸಿಗೆ ತಡ ಆಗುತ್ತಾ ನೋಡು. ಎಲ್ಲರೂ ಕೋಟು ಹಾಕ್ಕೊಂಡು ಮೆಟ್ಟಿಲ ಮೇಲೆ ನಿಂತು ಅತ್ತೆ ಮುಖ ನೋಡೋದೇ ಕೆಲಸ."

ಕನ್ನಡ ಸಾಲಿನವರಿಗೆ ಇವರ ದನಿ ಕಿರಿಕಿರಿ. "ಏನ್ರೀ ಅನುವಾದಕರೇ, ಸ್ವಲ್ಪ ಮೆಲ್ಲಗೆ. ನಮಗೂ ಸಿನಿಮಾ ಕೇಳಿಸಲಿ!" ಎಂದು ಯಾರಾದರೂ ಕತ್ತಲಲ್ಲಿ ಕೂಗುವರು.

"ನೀವು ಕೇಳಿಸ್ಕೊಂಡು ಏನ್ಮಾಡ್ತೀರಿ ಸಾರ್? ಬೆಳಿಗ್ಗೆಯಿಂದ ಬಿಸಿಬೇಳೆಭಾತಿಗೆ ಕಾಯ್ತಾ ಇದ್ದೀರಿ."

ಅವರಿಗೆ ತುಂಬ ಇಷ್ಟವಾದ ಒಂದು ಸಿನಿಮಾ ಇತ್ತು. ಹಳ್ಳಿಯ ಶಾಲೆಗೆ ಗೋಡೆಗಡಿಯಾರ ತರಲು ಪೇಟೆಗೆ ಹೋಗುವ ಒಬ್ಬ ಜವಾನನ ಕಥೆ, ಯಾರೂ ನೋಡದೆ ಹೋದದ್ದು. ಅದರಲ್ಲಿ ಜವಾನ ಹೋಟೆಲಿನಲ್ಲಿ ಕೂತು ಕಾಫಿಯನ್ನು ಬಟ್ಟಲಿಗೆ ಸುರಿದುಕೊಂಡು ಆರಿಸುತ್ತಾನೆ, ಮಾಣಿ ಪಕ್ಕದಲ್ಲಿ ಕಾಯುತ್ತಾ ನಿಲ್ಲುತ್ತಾನೆ. "ನಿಧಾನಕ್ಕೆ ಕುಡೀರಿ ಯಜಮಾನರೇ, ಗಡಿಯಾರ ಇನ್ನೂ ಶುರುವಾಗಿಲ್ಲವಲ್ಲ," ಎಂದು ಮಾಣಿ ಹೇಳುವ ಮಾತು ನನಗೆ ಎಷ್ಟು ಹಿಡಿಸಿತ್ತೆಂದರೆ, ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಗೆಳತಿಯರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ನನ್ನ ಮೆಚ್ಚಿನ ಕನ್ನಡ ಸಿನಿಮಾ ಯಾವುದು ಎಂದು ಯಾರು ಕೇಳಿದರೂ ಆ ಮಾತೇ ಉತ್ತರ.

ಆ ಮಾತು ಆ ಸಿನಿಮಾದಲ್ಲಿ ಇಲ್ಲ. ಮಾಣಿ ಬಾಯಿಯನ್ನೇ ತೆರೆಯುವುದಿಲ್ಲ. ಇದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಇದಕ್ಕಿಂತ ದೊಡ್ಡದೊಂದು ತಿಳಿದ ನಂತರ. ಮಾಣಿಯ ಮೌನವೇ ಹೆಚ್ಚು ಚೆನ್ನಾಗಿತ್ತು ಎಂದೂ ಈಗ ಅನಿಸುತ್ತದೆ. ಆದರೆ ಈಗಿನ ನನ್ನ ಅನಿಸಿಕೆಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಅವರ ಮೇಲಿನ ಸಿಟ್ಟಿಗೆ ಮಾಣಿಯ ಪಕ್ಷ ವಹಿಸುತ್ತಿರಬಹುದು.

ದೊಡ್ಡದು ಏನೆಂದು ಹೇಳಬೇಕು. ನಾನಾಗ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಮುಖರ್ಜಿ ನಗರದ ಕೋಣೆಯೊಂದರಲ್ಲಿದ್ದುಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಪಟ್ನಾದ ಹುಡುಗನೊಬ್ಬನನ್ನು ಮದುವೆಯಾಗಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಅವ್ವನಿಗೆ ಅಷ್ಟಿಷ್ಟು ಗುಮಾನಿ ಇತ್ತು. ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ಚಳಿಗಾಲವಿಡೀ ಕಳೆದಿದ್ದೆ. ನನ್ನ ಅಪ್ಪ ಕೂಗಾಡುವವರಲ್ಲ. ಆಡಿದ ಮಾತನ್ನು ವಾಪಸು ಪಡೆಯುವವರೂ ಅಲ್ಲ. ಹಾಗಾಗಿ ಮೊದಲ ಮಾತೇ ಸರಿಯಾಗಿ ಬೀಳಬೇಕಿತ್ತು.

ಆ ತಿಂಗಳ ಸಿನಿಮಾ ಒಬ್ಬ ಅಪ್ಪ ಮಗಳದ್ದು. ಹಳೆಯ ಕಪ್ಪು ಬಿಳುಪು. ಮಗಳ ಚಪ್ಪಲಿಯ ಉಂಗುಷ್ಠ ಕಿತ್ತುಹೋದರೆ ಬಿಸಿಲಲ್ಲಿ ತಾನೇ ಹೋಗಿ ಹೊಲಿಸಿಕೊಂಡು ಬರುವಂಥ ಅಪ್ಪ. ಮಗಳು ಬೇರೆ ಜಾತಿಯವನೊಬ್ಬನನ್ನು ಮೆಚ್ಚುತ್ತಾಳೆ. ಕೊನೆಯಲ್ಲಿ ಅವಳು ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ, ಅಪ್ಪ ಹೊಸ್ತಿಲ ಒಳಗೆ. ನಾನು ಹಿಂದಿ ಸಾಲಿನ ಮುಂದಿನ ಕುರ್ಚಿಯಲ್ಲಿದ್ದೆ. ನನ್ನ ಪಕ್ಕದಲ್ಲಿ ಅಂಕಲ್ ಅವರ ಹೆಂಡತಿ, ನಮಗೆಲ್ಲ ಆಂಟಿ. ಆಕೆ ಮೀರತ್ತಿನವರು, ಪ್ರೀತಿಸಿ ಮದುವೆಯಾದವರು, ಒಂದಕ್ಷರ ಕನ್ನಡ ಬಾರದಿದ್ದರೂ ಒಂದು ಸಿನಿಮಾವನ್ನೂ ತಪ್ಪಿಸಿದವರಲ್ಲ. ಪರದೆಯ ಮೇಲಿನ ಅಪ್ಪ ಏನೋ ಹೇಳಿ, ಎರಡು ಕೈಯಿಂದಲೂ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳತೊಡಗಿದ. ಅಂಕಲ್ ಅವರ ದನಿ ಕಿವಿಯ ಹತ್ತಿರವೇ ಇತ್ತು:

"ಹೋಗು ಮಗಳೇ. ನಾನು ಬಾಗಿಲು ಮುಚ್ಚುತ್ತಿರುವುದು ಊರಿನವರಿಗಾಗಿ. ಚಿಲಕ ಹಾಕುವುದಿಲ್ಲ. ಯಾವತ್ತು ಬಂದರೂ ತಳ್ಳಿ ನೋಡು. ಚಿಲಕ ಹಾಕುವುದಿಲ್ಲ."

ಹಿಂದಿ ಸಾಲಿನ ಹೆಂಗಸರು ಮೂಗು ಸೀಟಿದರು. ಕನ್ನಡ ಸಾಲಿನಲ್ಲಿ ಚಪ್ಪಾಳೆ ಬಿತ್ತು, ಪರದೆಯ ಸದ್ದೆಲ್ಲ ಅದರಲ್ಲಿ ಮುಳುಗಿತು. ನಾನು ತಿರುಗಿ ನೋಡಿದೆ. ಅಪ್ಪನೂ ತಟ್ಟುತ್ತಿದ್ದರು, ಪರೇಡಿನಲ್ಲಿ ತಟ್ಟಿದ ಹಾಗೆ, ನೆಟ್ಟಗೆ ಕೂತು. ನನ್ನ ಅಪ್ಪ ಸಿನಿಮಾಕ್ಕೆ ಚಪ್ಪಾಳೆ ತಟ್ಟಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ವಾಪಸು ಬಸ್ಸಿನಲ್ಲಿ ಅವರೇ ಮಾತು ತೆಗೆದರು. ಆಡಿದ್ದು ಕೊಡವ ಮಾತಿನಲ್ಲಿ. ಇಲ್ಲಿ ಕನ್ನಡಕ್ಕೆ ತಿರುಗಿಸುತ್ತಿರುವವಳು ನಾನು. ಇಂಥ ಕೆಲಸದ ಮೇಲೆ ನನಗೆ ಭರವಸೆ ಹೋಗಿದೆಯಾದರೂ ಬೇರೆ ದಾರಿಯಿಲ್ಲ.

"ಆ ಅಪ್ಪ ಮಾಡಿದ್ದು ಸರಿ," ಎಂದರು.

"ಹೌದಲ್ವಾ ಅಪ್ಪ?"

"ಕಷ್ಟ. ಮುದ್ದಿನಿಂದ ಸಾಕಿದ ಮಗಳು. ಆದರೂ ಮಾಡಬೇಕಾದ್ದನ್ನ ಮಾಡಿದ."

"ಎಷ್ಟು ಜನಕ್ಕೆ ಆ ಧೈರ್ಯ ಇರುತ್ತೆ ಹೇಳಿ!" ಎಂದೆ ನಾನು.

ಅಪ್ಪ ನನ್ನನ್ನು ನೋಡಿ ತಲೆಯಾಡಿಸಿದರು. ಮಗಳು ಬೆಳೆದಿದ್ದಾಳೆ ಎಂಬಂಥ ನೋಟ. ಅವ್ವ ಕಿಟಕಿಯ ಕಡೆ ತಿರುಗಿಕೊಂಡಳು. ಅವಳಿಗೇನು ಹೊಟ್ಟೆಕಿಚ್ಚೇ ಎಂದುಕೊಂಡೆ. ನಾನೂ ಅಪ್ಪನೂ ಒಂದೇ ಭವನದಲ್ಲಿ ಕೂತು ಬೇರೆ ಬೇರೆ ಸಿನಿಮಾ ನೋಡಿ ಬಂದಿದ್ದೇವೆಂದು ನನಗೆ ಹೊಳೆಯುವುದಾದರೂ ಹೇಗೆ?

ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪ ಬಾಲ್ಕನಿಯಲ್ಲಿ ಬೇಸಿಗೆಗೆಂದು ಕೂಲರಿನ ಜಾಲರಿಯಿಂದ ಹಳೆಯ ಹುಲ್ಲು ಕಿತ್ತು ಹೊಸದು ತುಂಬುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹುಲ್ಲು ಬಿಡಿಸಿಕೊಡುತ್ತಾ ಹೇಳಿದೆ. ಹುಡುಗನ ಹೆಸರು ಹೇಳಿದೆ, ಊರು ಹೇಳಿದೆ. ಅವ್ವನ ಮೂಲಕ ಹೇಳಿಸಬಹುದಿತ್ತು, ಅವನ ಪರೀಕ್ಷೆ ಮುಗಿಯುವ ತನಕ ಕಾಯಬಹುದಿತ್ತು, ಅಳಬಹುದಿತ್ತು, ತಗ್ಗಬಹುದಿತ್ತು. ನಾನು ನಗುತ್ತಾ ಹೇಳಿದೆ. ಉತ್ತರ ಮೊದಲೇ ಗೊತ್ತಿರುವವಳ ನಗು ಅದು.

ಅಪ್ಪ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. "ಹೋದ ವಾರ ಸಿನಿಮಾ ನೋಡಿದೆಯಲ್ಲ," ಎಂದರು. "ಅರ್ಥ ಆಗಲಿಲ್ಲವಾ?"

"ಅರ್ಥ ಆದದ್ದಕ್ಕೇ ಹೇಳ್ತಿರೋದು ಅಪ್ಪ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನಿನ್ನೂ ನಗುತ್ತಲೇ ಇದ್ದೆ. "ಹಾಗಾದರೆ ಆಯಿತು," ಎಂದು ಎದ್ದು ಕೈ ತೊಳೆದುಕೊಂಡರು. ಆಮೇಲೆ ನನ್ನೊಂದಿಗೆ ಮಾತಾಡಲಿಲ್ಲ. ಆ ದಿನ ಆಡಲಿಲ್ಲ, ಮದುವೆಗೆ ಬರಲಿಲ್ಲ, ಮಗು ಹುಟ್ಟಿದಾಗಲೂ ಬರಲಿಲ್ಲ. ನಾನು ಮನೆಗೆ ಹೋದರೆ ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಡುತ್ತಾರೆ, ನಾನು ಹೊರಟ ಮೇಲೆ ಬರುತ್ತಾರೆ. "ಹುಡುಗ ಯಾರಾದರೇನು, ಕಾಲಕ್ರಮೇಣ ಒಪ್ಪುತ್ತಿದ್ದರೇನೋ," ಎಂದು ಅವ್ವ ಒಮ್ಮೆ ಹೇಳಿದಳು. "ನೀನು ನಕ್ಕೆಯಲ್ಲ. ಅಷ್ಟು ಗೊತ್ತಿದ್ದೂ ಮುಖದ ಮೇಲೆ ನಗ್ತಾ ಹೇಳಿದಳು ಅಂತಾರೆ. ಅದು ಅವರಿಗೆ ಇಳೀತಾ ಇಲ್ಲ."

ಎಷ್ಟು ಗೊತ್ತಿದ್ದೂ? ಅದು ನನಗೆ ಆಗ ಅರ್ಥವಾಗಲಿಲ್ಲ. ಸಿನಿಮಾದಲ್ಲಿ ದಯೆಗೆ ಚಪ್ಪಾಳೆ ತಟ್ಟಿ ಮನೆಯಲ್ಲಿ ಬಾಗಿಲು ಹಾಕಿಕೊಂಡ ಕಪಟಿ ಎಂದು ನಾನು ಅಪ್ಪನನ್ನು ಬೈದುಕೊಂಡೆ. ವರ್ಷಗಟ್ಟಲೆ ಬೈದುಕೊಂಡೆ. ದಿನಚರಿಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ, ಈಗ ಓದಲು ನಾಚಿಕೆಯಾಗುತ್ತದೆ. ತಾನು ತಟ್ಟಿದ ಚಪ್ಪಾಳೆಗೆ ಸರಿಯಾಗಿ ನಡೆದುಕೊಂಡವರು ಇಡೀ ಕಥೆಯಲ್ಲಿ ಅವರೊಬ್ಬರೇ.

ಕನ್ನಡ ಕಲಿತದ್ದು ಮದುವೆಯ ನಂತರ, ಸಂಶೋಧನೆಗೆ ಕನ್ನಡದ ಹಳೆಯ ದಾಖಲೆಗಳನ್ನು ಓದಬೇಕಾಗಿ ಬಂದಾಗ. ಕಲಿಸಿದವರು ಅಂಕಲ್. ಶನಿವಾರ ಮಧ್ಯಾಹ್ನ ಅವರ ಸರ್ಕಾರಿ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಅವರ ಪಾಠದ ಕ್ರಮವೇ ಬೇರೆ. ಅಕ್ಷರ ಬಂದ ಮೇಲೆ ವ್ಯಾಕರಣದ ಪುಸ್ತಕವನ್ನು ಬದಿಗಿಟ್ಟು ವಿಸಿಡಿ ಹಾಕಿದರು. ಒಂದು ಮಾತು ಕೇಳಿಸುವುದು, ನಿಲ್ಲಿಸುವುದು. "ಏನಂದ?" ನಾನು ಹಿಂದಿಯಲ್ಲಿ ಹೇಳಬೇಕು. "ಪದ ಸರಿ. ಆದರೆ ಈ ಹೆಂಗಸು ಯಾವತ್ತಾದರೂ ಹಾಗೆ ಹೇಳುತ್ತಾಳಾ? ಅವಳ ಮುಖ ನೋಡು. ಅವಳು ಹೊಟ್ಟೆ ತುಂಬ ಊಟ ಮಾಡಿ ಎಷ್ಟು ದಿನ ಆಗಿದೆ ನೋಡು. ಈಗ ಹೇಳು." ಯಾವ ವಿಶ್ವವಿದ್ಯಾಲಯವೂ ನನಗೆ ಭಾಷೆಯನ್ನು ಹಾಗೆ ಕೇಳಿಸಿಕೊಳ್ಳಲು ಕಲಿಸಲಿಲ್ಲ. ಆಂಟಿ ಅಡುಗೆಮನೆಯಿಂದ ಪರಾಠ ಕಳಿಸುತ್ತಿದ್ದರು. ನನ್ನ ಅಪ್ಪನ ವಿಷಯ ಅವರಿಬ್ಬರಿಗೂ ಗೊತ್ತಿತ್ತು, ಮಾತಾಡುತ್ತಿರಲಿಲ್ಲ. ಆ ಅಪ್ಪ ಮಗಳ ಸಿನಿಮಾ ಹಾಕಿ ಎಂದು ನಾನೊಮ್ಮೆ ಕೇಳಿದ್ದುಂಟು. "ಅದು ಬೇಡ," ಎಂದರು. "ಭಾಷೆ ಕಲಿಯೋಕೆ ಅದರಲ್ಲಿ ಏನೂ ಇಲ್ಲ. ಕಡತಕ್ಕೆ."

ಆಮೇಲೊಮ್ಮೆ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ದೆಹಲಿಗೆ ತಂದು ಒಂದು ಮಧ್ಯಾಹ್ನ ಗಂಡನ ಜೊತೆ ಕೂತು ನೋಡಿದೆ. ನಮ್ಮಿಬ್ಬರನ್ನು ಸೇರಿಸಿದ ಸಿನಿಮಾ ಎಂದು ಅವನಿಗೆ ಎಷ್ಟೋ ಸಲ ಹೇಳಿದ್ದೆ. ಕೊನೆಯ ದೃಶ್ಯ ಬಂತು. ಪರದೆಯ ಮೇಲಿನ ಅಪ್ಪ, ನಾನು ಕಲಿತ ಕನ್ನಡದಲ್ಲಿ, ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳುವಂತೆ, ಈ ಬಾಗಿಲು ಇವತ್ತಿಗೆ ನಿನ್ನ ಪಾಲಿಗೆ ಮುಚ್ಚಿತು, ನಾನು ಸತ್ತೆನೆಂದು ಕೇಳಿದರೂ ಬರಬೇಡ ಎಂದ. ಬಾಗಿಲು ಹಾಕಿದ. ಚಿಲಕ ಬಿದ್ದ ಸದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ನಮ್ಮ ಮಗು ಬೆಚ್ಚಿತು.

"ಏನಂದ?" ಎಂದ ನನ್ನ ಗಂಡ.

ನಾನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ನನ್ನ ನೆನಪೇ ಮೋಸ ಮಾಡುತ್ತಿದೆಯೇ ಎಂದು ಅವ್ವನಿಗೆ ಫೋನು ಮಾಡಿ ಕೇಳಿದೆ. "ಹೌದಲ್ಲ, ಸತ್ತರೂ ಬರಬೇಡ ಅಂತಾನೆ," ಎಂದಳು ಅವ್ವ. "ಅದು ನಿನಗೆ ಗೊತ್ತಿರಲಿಲ್ಲವಾ?"

ಮರುದಿನವೇ ಸರೋಜಿನಿ ನಗರಕ್ಕೆ ಹೋದೆ. ಆಂಟಿ ಮಾರುಕಟ್ಟೆಗೆ ಹೋಗಿದ್ದರು. ಅಂಕಲ್ ಟಿವಿಯ ಮುಂದೆ ಕೂತು ಸುದ್ದಿ ಓದುವವನನ್ನು ಬೈಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ.

"ಅಂಕಲ್, ಅವನು ಚಿಲಕ ಹಾಕ್ತಾನೆ."

ಯಾರು, ಏನು ಎಂದು ಅವರು ಕೇಳಲಿಲ್ಲ. ಟಿವಿಯ ಸದ್ದು ತಗ್ಗಿಸಿದರು. "ಹಾಕ್ತಾನೆ," ಎಂದರು. "ನಿರ್ದೇಶಕ ಸರಿಯಿಲ್ಲ."

"ನೀವು ಹಾಕಲ್ಲ ಅಂದಿರಿ."

"ಎರಡು ಗಂಟೆ ಹೊ​ತ್ತು ಆ ಅಪ್ಪನನ್ನ ಹೇಗೆ ಕಟ್ಟಿದ್ದಾನೆ ನೋಡು. ಬಿಸಿಲಲ್ಲಿ ಹೋಗಿ ಮಗಳ ಚಪ್ಪಲಿ ಹೊಲಿಸ್ಕೊಂಡು ಬರೋನು. ಅಂಥವನ ಬಾಯಲ್ಲಿ ಆ ಮಾತು ಬರುತ್ತಾ? ಅದು ಚಪ್ಪಾಳೆಗೆ ಅಂತ ಬರೆದ ಡೈಲಾಗು ಬೇಟಾ. ಸುಳ್ಳು. ನಾನು ತಿದ್ದಿದೆ."

"ಬರುತ್ತೆ ಅಂಕಲ್. ನನ್ನ ಶಾಲೆಯ ಶೂಗೆ ದಿನಾ ಪಾಲಿಶ್ ಹಾಕಿದ ಅಪ್ಪನೇ ಆ ಮಾತಿನಂತೆ ನಡೆದುಕೊಂಡರು."

ಆಮೇಲೆ ಎಲ್ಲ ಹೇಳಿದೆ: ಚಪ್ಪಾಳೆ, ಬಸ್ಸು, ಕೂಲರು, ನಗು. ಅವರು ಕೇಳುತ್ತಿದ್ದಾಗ ಟಿವಿಯ ಬೆಳಕು ಮುಖದ ಮೇಲೆ ಬದಲಾಗುತ್ತಿತ್ತು. ನಾನು ಮುಗಿಸಿದ ಮೇಲೆ, "ಸಿನಿಮಾ ನೋಡಿ ಯಾರಾದರೂ ಇಂಥದ್ದು ನಿರ್ಧಾರ ಮಾಡ್ತಾರಾ?" ಎಂದರು. ದನಿಯಲ್ಲಿ ತಕರಾರಿತ್ತು, ಹೆದರಿಕೆಯೂ ಇತ್ತು.

"ನಾನು ನೋಡಿದ್ದು ನಿರ್ದೇಶಕನ ಸಿನಿಮಾ. ಕೇಳಿದ್ದು ನಿಮ್ಮದು."

ಅವರು ಟಿವಿ ಆರಿಸಿ, "ಇಷ್ಟು ವರ್ಷ ಅನುವಾದ ಮಾಡಿದ್ದೇನೆ," ಎಂದರು. "ಅದನ್ನ ನಂಬಿ ಯಾರೂ ಏನೂ ಮಾಡಿರಲಿಲ್ಲ."

ಕ್ಷಮಿಸು ಎನ್ನಲಿಲ್ಲ. ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಕೆಟ್ಟ ಸಿನಿಮಾ ಒಂದನ್ನು ಒಳ್ಳೆಯದು ಮಾಡಿದೆ ಎಂಬಲ್ಲಿಂದ ಅವರು ಕದಲಲಿಲ್ಲ. ನನ್ನ ಬಾಳು ಅವರಿಗೆ ವಿಮರ್ಶೆಯ ವಿಷಯವಾಯಿತಲ್ಲ ಎಂದು ಉರಿದುಹೋಯಿತು. ಮೆಟ್ಟಿಲಿಳಿಯುವಾಗ ಆಂಟಿ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದರು. "ಅರೆ, ಇಷ್ಟು ಬೇಗ?" ಎಂದರು. ನಾನು ಪಕ್ಕಕ್ಕೆ ಸರಿದು ಇಳಿದೆ. ಮತ್ತೆ ಆ ಮನೆಗೆ ಹೋಗಲಿಲ್ಲ.

ಅಂದಿನಿಂದ ನನಗೆ ಸಿನಿಮಾ ನೋಡುವ ಸುಖವೇ ಹೋಯಿತು ಎಂದರೆ ತಪ್ಪಲ್ಲ. ಹಿಂದಿ ಸಾಲಿನಲ್ಲಿ ಮೆಚ್ಚಿದ್ದನ್ನೆಲ್ಲ ಒಂದೊಂದಾಗಿ ಹುಡುಕಿ ತರಿಸಿ ನೋಡಿದೆ, ತಪ್ಪು ಹಿಡಿಯುವ ಇನ್‌ಸ್ಪೆಕ್ಟರನ ಹಾಗೆ. ಕೆಲವು ಅವರಿಂದ ಕೆಟ್ಟಿದ್ದವು. ಸುಮ್ಮನಿರಬೇಕಾದ ಜಾಗಗಳನ್ನು ಅವರು ಸುಮ್ಮನೆ ಬಿಟ್ಟಿರಲಿಲ್ಲ. ಹೆಚ್ಚಿನವು ಅವರಿಲ್ಲದೆ ಬಡವಾಗಿದ್ದವು. ನಾನು ದೊಡ್ಡ ನಟಿ ಎಂದು ನಂಬಿದ್ದವಳು ಸಾಧಾರಣದವಳು. ನಾನು ಆಳವಾದ ಮಾತು ಎಂದುಕೊಂಡದ್ದು "ಊಟಕ್ಕೆ ಬಾ" ಎಂಬಷ್ಟರದ್ದು. ನನ್ನ ಅಭಿರುಚಿ ಎಂದು ನಾನು ಹೆಮ್ಮೆಪಟ್ಟುಕೊಂಡದ್ದು ಏನಿತ್ತೋ ಅದು ಅವರ ಗಂಟಲಿನದ್ದು. ಈಗಲೂ ಯಾವುದಾದರೂ ಧಾರಾವಾಹಿಯಲ್ಲಿ ಸೊಸೆ ಅಳತೊಡಗಿದರೆ, ನನ್ನ ಬಾಯಿಂದ ತಾನಾಗಿ "ಕಡತಕ್ಕೆ" ಎಂದು ಬಂದುಬಿಡುತ್ತದೆ. ಬಂದ ಮೇಲೆ ಸಿಟ್ಟು ಬರುತ್ತದೆ.

ದಶಕದ ಕೊನೆಗೆ ಅಕ್ಷರ ಬರುವ ಡಿವಿಡಿಗಳು ಬಂದವು. ಹಿಂದಿ ಸಾಲು ತಾನಾಗಿ ಕರಗಿತು. ಅಂಕಲ್ ಈಗ ಕನ್ನಡ ಸಾಲಿನ ಹಿಂದಿನ ಕುರ್ಚಿಯಲ್ಲಿ ಕೂರುತ್ತಾರೆ, ಅರ್ಧಕ್ಕೇ ನಿದ್ದೆ ಹೋಗುತ್ತಾರೆ, ನೋಡಿ ಅಯ್ಯೋ ಅನಿಸುತ್ತದೆ ಎಂದು ಅವ್ವ ಫೋನಿನಲ್ಲಿ ಹೇಳಿದಳು. ನನಗೆ ಅಯ್ಯೋ ಅನಿಸಲಿಲ್ಲ. ಅದಾದ ಸ್ವಲ್ಪ ಕಾಲಕ್ಕೆ, ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿರುವಾಗಲೇ, ಎದೆನೋವು ಬಂದು ಹೋಗಿಬಿಟ್ಟರು. ಸುದ್ದಿ ತಿಳಿಸಿದವಳೂ ಅವ್ವನೇ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಹೋದೆ. ಹೋಗಬೇಕೋ ಬೇಡವೋ ಎಂದು ಅಷ್ಟು ದಿನ ತಳ್ಳಿದ್ದೆ. ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಆಂಟಿ ನೆಲದ ಮೇಲೆ ಕೂತು ಸಾಮಾನು ಬೇರ್ಪಡಿಸುತ್ತಿದ್ದರು. ನಾನು ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನೀರು ಕೊಟ್ಟರು, ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ಬಟ್ಟೆಯ ಚೀಲದ ತುಂಬ ವಿಸಿಡಿಗಳಿದ್ದವು.

"ಇದನ್ನೆಲ್ಲ ನೀನು ತಗೊಂಡು ಹೋಗು ಬೇಟಾ. ನನಗೆ ಇವು ಮೂಕಿ ಸಿನಿಮಾ ಇನ್ನು." ಆಂಟಿ ಮಾತಾಡಿದ್ದೆಲ್ಲ ಹಿಂದಿಯಲ್ಲಿ. ಚೀಲವನ್ನು ನನ್ನ ಕಡೆ ಸರಿಸುತ್ತಾ ಕೈ ತಡೆದರು. "ಒಂದಿತ್ತು. ಅಪ್ಪ ಮಗಳನ್ನ ಮನೆಯಿಂದ ಹೊರಗೆ ಹಾಕ್ತಾನಲ್ಲ, ಅದು. ಅದೊಂದು ಸಿಕ್ಕಿದರೆ ನನಗಿರಲಿ."

ಹೊರಗೆ ಹಾಕ್ತಾನೆ ಎಂದರು. ಅಂಕಲ್ ಹೇಳಿದ ಹಿಂದಿಯಲ್ಲಿ ಹಾಗಿರಲಿಲ್ಲ. ನಾನು ಅವರ ಮುಖ ನೋಡಿದೆ.

"ನಮ್ಮಪ್ಪನೂ ಹಾಗೇ ಬಾಗಿಲು ಹಾಕಿದ್ದು," ಎಂದರು. "ಮೀರತ್ತಿನಲ್ಲಿ. ನಾನು ಮದುವೆ ಮಾಡಿಕೊಂಡು ಆಶೀರ್ವಾದಕ್ಕೆ ಅಂತ ಹೋಗಿದ್ದೆ. ಇವರು ಪಕ್ಕದಲ್ಲಿ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದರು. ಇವರಿಗೆ ಹಿಂದಿ ಬಾರದೆ ಇದ್ದಿದ್ದರೆ ಚೆನ್ನಾಗಿತ್ತು. ಅಪ್ಪ ಅಂದದ್ದು ಒಂದೊಂದೂ ಅರ್ಥ ಆಯಿತು. ಆಮೇಲೆ ಅಪ್ಪ ಸತ್ತಾಗಲೂ ನನ್ನನ್ನ ಒಳಗೆ ಬಿಡಲಿಲ್ಲ."

ಆಂಟಿ ಒಂದು ಹಳೆಯ ಮಫ್ಲರನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು.

"ಅವತ್ತು ಭವನದಲ್ಲಿ ಆ ಸೀನು ಬಂತಲ್ಲ. ನನಗೆ ಕುರ್ಚಿಯಲ್ಲಿ ಕೂರೋಕೆ ಆಗಲಿಲ್ಲ, ಎದ್ದು ಹೋಗೋಣ ಅನ್ನಿಸ್ತು. ಇವರು ನನ್ನ ಕಡೆ ನೋಡಿದರು. ಪರದೆಯ ಮೇಲೆ ಅವನು ಬಾಯಿ ಮುಚ್ಚಿ ಆಗಿತ್ತು, ಬಾಗಿಲೂ ಮುಚ್ಚಿ ಆಗಿತ್ತು, ಆ ಕಡೆ ಹಾಡೇ ಶುರುವಾಗಿತ್ತು. ಇವರದು ನಿಲ್ಲಲೇ ಇಲ್ಲ. ಚಿಲಕ ಹಾಕುವುದಿಲ್ಲ, ತಳ್ಳಿ ನೋಡು, ಚಿಲಕ ಹಾಕುವುದಿಲ್ಲ. ನನಗೆ ಮೊದಲು ನಗು ಬಂತು. ಅಯ್ಯೋ ಪುಣ್ಯಾತ್ಮ, ಅವನು ಒಳಗೆ ಹೋಗಿ ಆಯಿತಲ್ಲ, ಇನ್ನು ಯಾರ ಮಾತು ಹೇಳ್ತಿದ್ದೀರಿ ಅಂತ. ಆಮೇಲೆ ಗೊತ್ತಾಯಿತು, ಇದು ಸಿನಿಮಾದ್ದಲ್ಲ. ನನಗೆ ಅಂತ ಹೇಳ್ತಿದ್ದಾರೆ. ನಮ್ಮಪ್ಪನ ಬದಲಿಗೆ."

"ನೀವು ಕೇಳಲಿಲ್ಲವಾ ಆಂಟಿ, ಆಮೇಲೆ?"

"ಏನು ಕೇಳೋದು? ಮನೆಗೆ ಬಂದು ಕಡತಕ್ಕೆ ಅಂದರು, ಮಲಗಿದರು." ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡರು. ಅವರ ಮುಖದಲ್ಲಿ ಎಳೆಯ ಹೆಂಗಸೊಬ್ಬಳ ಗುಟ್ಟಿನ ಸಂತೋಷವಿತ್ತು. ಇಷ್ಟು ಹೇಳಿದ ಮೇಲೆ ಅವರಿಗೆ ಥಟ್ಟನೆ ಏನೋ ನೆನಪಾದಂತಾಯಿತು.

"ನೀನು ಅವತ್ತು ನನ್ನ ಪಕ್ಕದಲ್ಲೇ ಕೂತಿದ್ದೆ ಅಲ್ವಾ ಬೇಟಾ? ನಿನಗೂ ಕೇಳಿಸಿತ್ತಾ?"

"ಇಲ್ಲ ಆಂಟಿ," ಎಂದೆ. "ನಾನು ಸಿನಿಮಾ ನೋಡ್ತಿದ್ದೆ."